ಬೀಗರ ಮನೆಯಲ್ಲಿ ಜೂರಾಕಾನಕ್ಕ ಹೇಳಿದ ಬಾತಾ

ತಲೆಯ ಮೇಲಿನ ತಂತಿಯ ಕರೆಂಟಿಗೆ ಓಡುವ ಟ್ರಾಲಿಬಸ್ಸುಗಳ ನಮ್ಮೂರಿನ ಡಿಪೋದಲ್ಲಿ ಹೊಸ ಡ್ರೈವರ್ ಮೊದಲ ಸಲ ಬಂಡಿ ಹೊರಗೆ ತೆಗೆಯುವ ಬೆಳಿಗ್ಗೆ, ಹಿರಿಯರೊಬ್ಬರು ಗೇಟಿನ ಬಳಿ ನಿಂತು ಎರಡೂ ಅಂಗೈ ಬಿಚ್ಚಿ ಬಾತಾ ಹೇಳಬೇಕು. ದಾರಿ ಸಸೂತ್ರವಾಗಿರಲಿ, ತಂತಿಯಲ್ಲಿ ಕರೆಂಟಿರಲಿ, ಮನೆಗೆ ಮರಳಿದಾಗ ಚಹಾ ಬಿಸಿಯಾಗಿರಲಿ ಎಂದು ಹಾರೈಸುತ್ತಾರೆ. ಸುತ್ತ ನಿಂತವರು ‘ಆಮೀನ್’ ಅಂದು ಅಂಗೈಯಲ್ಲಿ ಮುಖ ಸವರಿಕೊಂಡರೆ ಆಯಿತು. ಬೇರೆಯವರಾದರೆ ಎರಡು ಮಾತಿನಲ್ಲಿ ಮುಗಿಸುತ್ತಾರೆ. ಜೂರಾಕಾನಕ್ಕ ನಿಂತಳೋ, ಮೊದಲ ಟ್ರಿಪ್ಪಿಗೆ ಎಳ್ಳುನೀರು ಬಿಟ್ಟಂತೆಯೇ. ಅವಳ ಬಾತಾದಲ್ಲಿ ಡ್ರೈವರಮ್ಮನ ಮೊಣಕಾಲು ನೋವು ಬರುತ್ತದೆ, ಬ್ರೇಕು ಬರುತ್ತದೆ, ಚಿಲ್ಲರೆ ಕೊಡದೆ ಜಗಳ ತೆಗೆಯುವ ಪ್ರಯಾಣಿಕರು ಬರುತ್ತಾರೆ, ಕಡೆಗೆ ಕ್ಯಾಂಟೀನಿನ ಸೂಪಿಗೆ ಇನ್ನಾದರೂ ಮಾಂಸ ಬೀಳಲಿ ಎಂಬಲ್ಲಿಗೆ ನಿಲ್ಲುತ್ತದೆ. ಡ್ರೈವರುಗಳು ಕೈ ಬಿಚ್ಚಿಕೊಂಡು, ಚಳಿಗೆ ನಡುಗಿಕೊಂಡು ಕಾಯುತ್ತಾರೆ. ಮಧ್ಯದಲ್ಲಿ ಕೈ ಇಳಿಸುವ ಹಾಗಿಲ್ಲವಲ್ಲ!

ಬಾತಾ ಅಂದರೆ ಹುಡುಗಾಟವಲ್ಲ. ‘ಆಮೀನ್’ ಅಂದ ಮೇಲೆ ಹಿಂದೆ ಸರಿಯುವಂತಿಲ್ಲ. ವರ್ಷಗಟ್ಟಲೆ ಮುಖ ನೋಡದ ಅಣ್ಣತಮ್ಮಂದಿರೂ ಒಂದು ಬಾತಾಕ್ಕೆ ಆಮೀನ್ ಅಂದರೆ ಅಲ್ಲಿಗೆ ಜಗಳ ಮುಗಿಯಿತು. ಮತ್ತೆ ಬಾಯಿ ತೆಗೆದವನನ್ನು ಊರು ಮನುಷ್ಯನೆಂದು ಎಣಿಸುವುದಿಲ್ಲ.

ಜೂರಾಕಾನ್ ಬೆಟ್ಟದ ಮೇಲಿನ ಕುರಿಗಾಹಿಯ ಮಗಳು. ಸೋವಿಯತ್ ಕಾಲದ ಕೊನೆಯ ವರ್ಷಗಳಲ್ಲಿ ಪಟ್ಟಣಕ್ಕೆ ಇಳಿದು ಡ್ರೈವಿಂಗ್ ಕಲಿತಳು. ಕುದುರೆ ಪಳಗಿಸಿದವಳಿಗೆ ಇದೇನು ಮಹಾ ಅಂದುಕೊಂಡಿದ್ದಳಂತೆ. ಮೊದಲ ದಿನವೇ ದೊಡ್ಡ ಚೌಕದ ನಟ್ಟನಡುವೆ ಬಂಡಿಗೆ ಕರೆಂಟ್ ತರುವ ತಲೆಯ ಮೇಲಿನ ಎರಡೂ ಕೊಂಬು ತಂತಿಯಿಂದ ಜಾರಿದವು. ಹಿಂದಿನಿಂದ ಲಾರಿಗಳು ಹಾರನ್ ಹೊಡೆಯುತ್ತಿದ್ದರೆ, ಇವಳು ಕೆಳಗಿಳಿದು ಹಗ್ಗ ಜಗ್ಗಿ ಜಗ್ಗಿ, ಕೊಂಬು ತಂತಿಗೆ ಕೂರದೆ, ನಡುರಸ್ತೆಯಲ್ಲಿ ನಿಂತು ಅತ್ತಳು. ಅತ್ತು ಮುಗಿದ ಮೇಲೆ ಕೂರಿಸಿದಳು. ಆಮೇಲೆ ಯಾವತ್ತೂ ರಸ್ತೆಯಲ್ಲಿ ಅಳಲಿಲ್ಲ.

ಮದುವೆಯಾಯಿತು. ಮೊದಲ ಬಸಿರು ಬಂಡಿಯ ಕುಲುಕಾಟಕ್ಕೆ ನಿಲ್ಲಲಿಲ್ಲ. ಎರಡನೆಯದು ಕಟ್ಟಿದ ಕೆಲವೇ ದಿನಕ್ಕೆ ಗಂಡ ಕಲ್ಲಿದ್ದಲು ಗಣಿಯಲ್ಲಿ ತೀರಿಹೋದ. ಆಗಿನ ಡೈರೆಕ್ಟರ್ ಅವಳನ್ನು ಗುಡ್ಡದ ಬಡಾವಣೆಯ ರೂಟಿಗೇ ಹಾಕಿದ್ದ, ಮೈಯ ಕೀಲೆಲ್ಲ ಸಡಿಲವಾಗುವಂಥ ರಸ್ತೆ ಅದು. ಬಸುರಿಗೆ ಹಗುರ ಕೆಲಸ ಕೊಡಬೇಕೆಂದು ಕಾನೂನಿತ್ತು, ಕೇಳುವ ಬಾಯಿ ಅವಳಿಗಿರಲಿಲ್ಲ. ಕೇಳಿದವಳು ಡಿಪೋದ ಕಾರ್ಮಿಕ ಸಂಘದ ಅಧ್ಯಕ್ಷೆ, ಎಲ್ಲರೂ ಅತ್ತೆ ಅನ್ನುತ್ತಿದ್ದ ಕ್ಲಾವಾ. ದಪ್ಪ ಮೈಯ, ಗಡಸು ದನಿಯ ರಷ್ಯನ್ ಹೆಂಗಸು, ಸದಾ ಸೂರ್ಯಕಾಂತಿ ಬೀಜ ಕಚ್ಚುತ್ತಿದ್ದಳು. ಡೈರೆಕ್ಟರ್ ಕೋಣೆಗೆ ಹೋಗಿ, ಹೇಳದೆ ಕೇಳದೆ ಕುರ್ಚಿ ಎಳೆದುಕೊಂಡು ಕೂತಳು.

"ಈ ಹುಡುಗಿಗೆ ಕೂತು ಮಾಡೋ ಕೆಲಸ ಕೊಡೋವರೆಗೂ ನಾನು ಇಲ್ಲಿಂದ ಏಳಲ್ಲ. ನೀವು ನಿಮ್ಮ ಕೆಲಸ ನೋಡ್ಕೊಳ್ಳಿ, ನಾನು ಬೀಜ ತಿಂತಾ ಇರ್ತೀನಿ."

ಸಿಪ್ಪೆಯೆಲ್ಲ ಡೈರೆಕ್ಟರನ ಬೂದಿಬಟ್ಟಲಿಗೇ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಜೂರಾಕಾನ್ ಟಿಕೆಟ್ ಕೋಣೆಯ ಒಲೆಯ ಪಕ್ಕ ಕೂತಿದ್ದಳು. ಜಿಪಾರ್ ದಿನ ತುಂಬಿ ಹುಟ್ಟಿದಳು. ಆ ಕೂಸಿನ ಮುಖ ನೋಡಿದಾಗಲೆಲ್ಲ ತಾಯಿಗೆ ಸೂರ್ಯಕಾಂತಿ ಬೀಜದ ನೆನಪು ಬರುತ್ತಿತ್ತು.

ಕ್ಲಾವಾ ಅತ್ತೆ ಮುಂದೆ ಮಗನ ಜೊತೆ ರಷ್ಯಾಕ್ಕೆ ಹೊರಟುಹೋದಳು. ದೇಶ ಬದಲಾಯಿತು, ಬಾವುಟ ಬದಲಾಯಿತು, ಸಂಘ ಮಾತ್ರ ಹೆಸರಿಗೆ ಉಳಿಯಿತು. ಸಂಘ ಎಂದರೆ ಹೊಸವರ್ಷಕ್ಕೆ ಮಕ್ಕಳಿಗೆ ಮಿಠಾಯಿ ಪೊಟ್ಟಣ, ಬೇಸಿಗೆಯಲ್ಲಿ ಇಸ್ಸಿಕ್-ಕುಲ್ ಸರೋವರದ ವಿಶ್ರಾಂತಿಧಾಮಕ್ಕೆ ಚೀಟಿ, ಯಾರಾದರೂ ಸತ್ತರೆ ಅಕ್ಕಿ ಮೂಟೆ. ಅಷ್ಟೇ. ಜೂರಾಕಾನಕ್ಕನನ್ನು ಅಧ್ಯಕ್ಷೆ ಮಾಡಿದ್ದೂ ಅದೇ ಕಾರಣಕ್ಕೆ: ಮಿಠಾಯಿ ತುಂಬುವಾಗ ಅವಳು ತನ್ನವರ ಪೊಟ್ಟಣಕ್ಕೆ ಒಂದು ಹಿಡಿ ಹೆಚ್ಚು ಹಾಕುವುದಿಲ್ಲ. ಅದೇ ಸಂಘಕ್ಕೆ ‘ಆಗಲ್ಲ’ ಅನ್ನುವ ಹಕ್ಕೂ ಇದೆ, ಸಂಘದ ಒಪ್ಪಿಗೆಯಿಲ್ಲದೆ ಸದಸ್ಯರನ್ನು ಕೆಲಸದಿಂದ ತೆಗೆಯುವಂತಿಲ್ಲ ಎನ್ನುವುದನ್ನು ಡಿಪೋ ಮರೆತೇಬಿಟ್ಟಿತ್ತು. ನೆನಪಿಸಿದ್ದು ಡ್ರೈವರ್ ತಾಜಿಗುಲ್.

ವಸಂತದ ನೂರೂಜ್ ಹಬ್ಬದ ಹಿಂದಿನ ದಿನ. ಮಳೆಯೂ ಅಲ್ಲದ ಹಿಮವೂ ಅಲ್ಲದ ರಾಡಿ ಸುರಿಯುತ್ತಿತ್ತು. ತಾಜಿಗುಲ್ ತನ್ನ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟು ಬಾಗಿಲ ಕಂಬಿ ಹಿಡಿದಳು. ಹಿಡಿದವಳೇ ಚೀರಿ ಹಿಂದಕ್ಕೆ ಬಿದ್ದಳು, ಬಂಡಿಯ ಮೈಗೆಲ್ಲ ಕರೆಂಟ್ ಇಳಿದಿತ್ತು. ಫಿಟ್ಟರ್ ಸೋಬಿರ್‌ಜಾನ್ ಬಂದು ನೋಡಿ ತಲೆಯಾಡಿಸಿದ. ಬದಲಾಯಿಸುವ ಸಾಮಾನು ಸ್ಟೋರಿನಲ್ಲಿ ಇರಲಿಲ್ಲ. ಆದರೆ ಹಬ್ಬಕ್ಕೆ ರಾಜಧಾನಿ ಬಿಷ್ಕೆಕ್‌ನಿಂದ ಅತಿಥಿಗಳು ಬರುವವರಿದ್ದರು, ಒಂದು ಬಂಡಿಯೂ ಒಳಗೆ ಉಳಿಯಬಾರದೆಂದು ಮೇಯರ್ ಹೇಳಿದ್ದರು. ಹೊಸ ಡೈರೆಕ್ಟರ್ ಮೆದರ್‌ಬೆಕ್ ಖುದ್ದಾಗಿ ಅಂಗಳಕ್ಕೆ ಬಂದ.

"ರಬ್ಬರ್ ಬೂಟ್ ಹಾಕ್ಕೊಂಡು ಓಡಿಸಮ್ಮಾ, ಒಂದಿನದ ಮಾತು."

"ನನಗೇನೋ ಬೂಟಿದೆ ಸಾರ್," ಅಂದಳು ತಾಜಿಗುಲ್. "ನಡುದಾರೀಲಿ ಹತ್ತೋ ಮುದುಕಮ್ಮಂಗೆ ಬೂಟು ನೀವು ಕೊಡ್ತೀರಾ?"

ಸುತ್ತ ನಿಂತವರು ನಕ್ಕುಬಿಟ್ಟರು. ಅದೇ ತಪ್ಪಾಯಿತು. ನಗದಿದ್ದರೆ ಮೆದರ್‌ಬೆಕ್ ಬೈದು ಸುಮ್ಮನಾಗುತ್ತಿದ್ದನೇನೋ. ತಾಜಿಗುಲ್ ಬಂಡಿಗೆ ಬೀಗ ಹಾಕಿ ಕ್ಯಾಂಟೀನಿನಲ್ಲಿ ಕೂತಳು. ಹಬ್ಬ ಕಳೆದ ಕೂಡಲೇ, ಆಜ್ಞೆ ಮೀರಿದ್ದಕ್ಕೆ ಕೆಲಸದಿಂದ ವಜಾ, ಸಂಘದ ಒಪ್ಪಿಗೆ ಬೇಕು ಎಂಬ ಕಾಗದ ಬಂತು. ಗಂಡ ಬಿಟ್ಟುಹೋದವಳು, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಈ ಸ್ಟೇರಿಂಗ್ ಬಿಟ್ಟರೆ ಬೇರೆ ಗತಿಯಿಲ್ಲ.

ಸಂಘದ ಸಮಿತಿ ಕ್ಯಾಂಟೀನಿನಲ್ಲಿ ಸೇರಿತು. ಅಪಾಯವಿದ್ದರೆ ಬಂಡಿ ಮುಟ್ಟದಿರುವುದು ಡ್ರೈವರಿನ ಹಕ್ಕು ಎಂದು ಕಾನೂನಿನಲ್ಲೇ ಇದೆ ಅಂತ ಸೋಬಿರ್‌ಜಾನ್ ಹೇಳಿದ. ಎಲ್ಲರೂ ‘ಒಪ್ಪಿಗೆ ಇಲ್ಲ’ ಅಂದರು. ಚಹಾ ಕುಡಿದು ಎದ್ದರು. ಹೇಳುವುದು ಸುಲಭ. ಹೋಗಿ ಹೇಳಬೇಕಾದವಳು ಜೂರಾಕಾನಕ್ಕ. ಅವಳು ಮಾತ್ರ ಏಳದೆ ಇನ್ನೊಂದು ಲೋಟ ಚಹಾ ಹಾಕಿಸಿಕೊಂಡಳು. ಡೈರೆಕ್ಟರಿಗೆ ಹೆದರಿ ಅಲ್ಲ. ಆ ಡೈರೆಕ್ಟರ್ ಅವಳ ಬೀಗ!

ಹೌದು. ಹೋದ ಶರತ್ಕಾಲದಲ್ಲಿ ಜಿಪಾರ್ ಮದುವೆಯಾಗಿ ಹೋದದ್ದು ಮೆದರ್‌ಬೆಕ್‌ನ ತಮ್ಮನಿಗೆ. ಹುಡುಗ ಒಳ್ಳೆಯವನು, ಓದು ಮುಗಿದ ಮೇಲೆ ಅಣ್ಣನ ಮನೆಯಲ್ಲೇ ಇದ್ದ. ಬೀಗರೆಂದರೆ ನಮ್ಮಲ್ಲಿ ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ, ಅಷ್ಟೇ. ಬೀಗರು ಬಾಯಿಬಿಟ್ಟು ಕೇಳಿದ್ದಕ್ಕೆ ಇಲ್ಲ ಅಂದರೆ ಅದರ ಏಟು ಸೀದಾ ಹೋಗಿ ಬೀಳುವುದು ಮಗಳ ಬೆನ್ನಿಗೆ. ಹೊಸ ಸೊಸೆ, ಇನ್ನೂ ವರ್ಷ ತುಂಬಿಲ್ಲ. ಎಲ್ಲರಿಗಿಂತ ಮೊದಲು ಏಳಬೇಕು, ಎಲ್ಲರಿಗೂ ಬಾಗಬೇಕು, ಗಂಡನ ಅಣ್ಣನ ಹೆಸರು ಎತ್ತಬಾರದು, ಹಿರಿಯರಿದ್ದಲ್ಲಿ ದನಿ ಎತ್ತಬಾರದು. ಆ ಮನೆಯಲ್ಲಿ ಅವಳ ಸುಖವೆಲ್ಲ ಅತ್ತೆ ತುರ್ದುಬೂಬುವಿನ ಹುಬ್ಬಿನ ತುದಿಯಲ್ಲಿತ್ತು.

ಮೆದರ್‌ಬೆಕ್ ತನ್ನ ಕೋಣೆಯಲ್ಲಿ ಅವಳನ್ನು ಎದ್ದುನಿಂತು ಬರಮಾಡಿಕೊಂಡ. ಕೈಯಾರೆ ಚಹಾ ಬಗ್ಗಿಸಿದ.

"ಬನ್ನಿ ಬೀಗಿತ್ತಿ, ಕೂತ್ಕೊಳ್ಳಿ. ಒಂದು ಸಹಿ ಹಾಕಿಬಿಡಿ, ನಿಮಗೆ ತೊಂದರೆ ಕೊಡಲ್ಲ."

"ಇಲ್ಲಿ ನಾನು ಬೀಗಿತ್ತಿ ಅಲ್ಲ ಸಾರ್, ಸಂಘದವಳು. ಸಮಿತಿ ಒಪ್ಪಿಲ್ಲ."

"ಸಮಿತಿ ಅಂದ್ರೆ ಯಾರು? ನೀವು ಹೂಂ ಅಂದ್ರೆ ಅವರೂ ಹೂಂ. ಅವಳು ಎಲ್ಲರೆದುರು ನನ್ನ ಮಾನ ಕಳೆದಳು. ಹಾಗೇ ಬಿಟ್ರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ? ಮೇಲಿನವರಿಗೆ ನಾನೇನು ಹೇಳ್ಲಿ?"

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕಣ್ಣ ಕೆಳಗೆ ಕಪ್ಪಿಟ್ಟಿತ್ತು. ಸಾಮಾನಿಗೆ ದುಡ್ಡು ಕೊಡದೆ ಬಂಡಿ ಮಾತ್ರ ಓಡಬೇಕು ಅನ್ನುವವರ ಕೈಕೆಳಗಿನ ಕೆಲಸ, ಪಾಪ. ಜೂರಾಕಾನಕ್ಕನಿಗೆ ಅಯ್ಯೋ ಅನ್ನಿಸಿತು.

"ಮಾನ ಹೋಗಿದ್ದು ಅವಳಿಂದಲ್ಲ ಸಾರ್, ಬಂಡಿಯಿಂದ. ಬಂಡಿ ರಿಪೇರಿ ಮಾಡ್ಸಿ."

ಮೆದರ್‌ಬೆಕ್ ನಕ್ಕ. ಜಗಳ ತೆಗೆಯುವವನ ನಗೆಯಲ್ಲ, ಬೇರೆ ದಾರಿ ಹೊಳೆದವನ ನಗೆ. "ಸರಿ ಬಿಡಿ. ಇಲ್ಲಿ ಬೀಗಿತ್ತಿ ಅಲ್ಲ ಅಂದ್ರಲ್ಲ, ಹಾಗಾದ್ರೆ ಮನೆಗೇ ಬನ್ನಿ. ಭಾನುವಾರ ಕುರಿ ಕಡೀತೀವಿ. ಮಗಳನ್ನ ನೋಡಿದ ಹಾಗೂ ಆಯ್ತು."

ಸುದ್ದಿ ಡಿಪೋ ತುಂಬ ಹಬ್ಬಿತು. ತಾಜಿಗುಲ್ ಬಟ್ಟೆ ಬದಲಾಯಿಸುವ ಕೋಣೆಗೆ ಬಂದು ಬಾಗಿಲಿಗೊರಗಿ ನಿಂತಳು. "ಅಕ್ಕಾ, ಬೀಗರ ಮನೇಲಿ ಕುರಿ ಕಡೀತಾರಂತೆ. ಜೊತೆಗೆ ನನ್ನನ್ನೂ ಕಡೀತಾರೋ, ಇಲ್ಲಾ ಬೇರೆ ದಿನಾನೋ?"

"ಬಾಯ್ಮುಚ್ಚೇ. ಆ ನಾಲಿಗೆಯಿಂದಾನೇ ಇಷ್ಟೆಲ್ಲಾ ಆಗಿದ್ದು."

"ನೀವು ಸಹಿ ಹಾಕಿದ್ರೂ ನಾನು ಬೇಜಾರು ಮಾಡ್ಕೊಳಲ್ಲ ಅಕ್ಕ," ಅಂದಳು ತಾಜಿಗುಲ್. ಈಗ ದನಿಯಲ್ಲಿ ನಗೆಯಿರಲಿಲ್ಲ. "ನಂಗೂ ಹೆಣ್ಣುಮಕ್ಕಳಿದಾರೆ. ಗೊತ್ತಾಗತ್ತೆ."

ಅದೇ ಜೂರಾಕಾನಕ್ಕನನ್ನು ಕೊಂದಿತು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಭಾನುವಾರ ಬೀಗರ ಮನೆಯ ದೊಡ್ಡ ಕೋಣೆಯಲ್ಲಿ ನೆಂಟರಿಷ್ಟರೆಲ್ಲ ನೆಲಕ್ಕೆ ಹಾಸಿದ ಊಟದ ಬಟ್ಟೆ ದಸ್ತರಖಾನಿನ ಸುತ್ತ ಕೂತಿದ್ದರು. ಅಣ್ಣತಮ್ಮಂದಿರು, ಚಿಕ್ಕಪ್ಪ, ಪಕ್ಕದ ಮನೆಯ ಮುದುಕರು. ಬಟ್ಟೆಯ ತುಂಬ ಹಿಟ್ಟಿನ ತುಂಡು ಕರಿದ ಬೂರ್ಸೋಕ್, ಜೇನು, ಒಣದ್ರಾಕ್ಷಿ. ಜೂರಾಕಾನಕ್ಕ ಒಳಗೆ ಕಾಲಿಟ್ಟ ಕೂಡಲೇ ತುರ್ದುಬೂಬು ಎದ್ದು ಬಂದು ಕಸೂತಿ ಹಾಕಿದ ಮಖಮಲ್ಲಿನ ನಿಲುವಂಗಿಯನ್ನು ಹೆಗಲಿಗೆ ಹೊದಿಸಿದಳು. ಬೀಗರು ಹೊದಿಸಿದ ಬಟ್ಟೆ ಬೇಡ ಅನ್ನುವಂತಿಲ್ಲ. ತೋರ್ ಎನ್ನುವ ಮೇಲಿನ ಜಾಗದಲ್ಲಿ, ಬಾಗಿಲಿಗೆ ಎದುರಾಗಿ, ಅವಳನ್ನೇ ಕೂರಿಸಿದರು. ಮಾಂಸ ಬಂದಾಗ ಹಿರಿಯ ಹೆಂಗಸರಿಗೆ ಸಲ್ಲುವ ಬಾಲದ ಬುಡದ ಕೊಬ್ಬಿನ ತುಂಡು ಅವಳ ಮುಂದೆ ಬಂತು. ತಿಂದಳು. ರುಚಿ ಹತ್ತಲಿಲ್ಲ.

ಬಾಗಿಲ ಹತ್ತಿರ ಚಹಾದ ಹಂಡೆ ಸಮೋವಾರಿನ ಪಕ್ಕ ಜಿಪಾರ್ ಕೂತಿದ್ದಳು. ಬಿಳಿ ವಸ್ತ್ರ ಹಣೆಯವರೆಗೆ ಇಳಿದಿತ್ತು. ಒಂದೊಂದು ಬಟ್ಟಲಿಗೂ ಮರ್ಯಾದೆಗೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ಚಹಾ ಹಾಕಿ, ಎದೆಗೆ ಕೈ ಒತ್ತಿ ಕೊಡುತ್ತಿದ್ದಳು. ಕೆನ್ನೆ ತುಂಬಿಕೊಂಡಿತ್ತು, ಕೈ ಒಡೆದಿರಲಿಲ್ಲ. ತಾಯಿ ಅದನ್ನೆಲ್ಲ ಒಂದೇ ನೋಟದಲ್ಲಿ ನೋಡಿಕೊಂಡಳು. ಚೆನ್ನಾಗಿದ್ದಾಳೆ. ಚೆನ್ನಾಗಿದ್ದಾಳಲ್ಲ, ಅದೇ ಭಯ.

ಊಟ ಮುಗಿಯಿತು. ಕೈಗೆ ನೀರು ಬಿಟ್ಟಾಯಿತು. ಆಗ ಮೆದರ್‌ಬೆಕ್ ಗಂಟಲು ಸರಿಮಾಡಿಕೊಂಡ.

"ಹಿರಿಯರೇ, ನನಗೂ ಬೀಗಿತ್ತಿಗೂ ಡಿಪೋದಲ್ಲಿ ಒಂದು ಸಣ್ಣ ವಿಷಯ ಇದೆ. ಒಬ್ಬ ಡ್ರೈವರಮ್ಮ ಮಾತು ಮೀರಿದಳು. ಅದನ್ನ ಕಚೇರೀಲಿ ಎಳೆದಾಡೋದು ಬೇಡ, ಅನ್ನ ಇಟ್ಟ ಈ ಜಾಗದಲ್ಲೇ ಮುಗಿದು ಹೋಗ್ಲಿ. ಬೀಗಿತ್ತಿ, ಇವತ್ತಿನ ಬಾತಾ ನೀವೇ ಹೇಳಿ. ನಮ್ಮಿಬ್ಬರ ಮನೆ ಮಧ್ಯೆ ಯಾವ ತಕರಾರೂ ಉಳೀದೇ ಇರಲಿ ಅಂತ."

ಚಿಕ್ಕಪ್ಪ "ಚಿನ್ನದಂಥ ಮಾತು" ಅಂದ. ಎಲ್ಲರೂ ಅಂಗೈ ಬಿಚ್ಚಿದರು.

ಎಂಥ ಬಲೆ ನೋಡಿ! ತಕರಾರಿಲ್ಲದಿರಲಿ ಎಂದು ಹಾರೈಸಿದರೆ ಅಲ್ಲಿಗೆ ತಾಜಿಗುಲ್ ಬೀದಿಪಾಲು. ಹಾರೈಸದಿದ್ದರೆ ಬೀಗರ ಮನೆಯಲ್ಲಿ ಉಂಡು ಹರಸದೆ ಎದ್ದವಳ ಮಗಳು ಎಂಬ ಹೆಸರು ಜಿಪಾರ್‌ಗೆ ಜನ್ಮಕ್ಕಂಟಿದಂತೆ. ಮೆದರ್‌ಬೆಕ್ ಜಾಣನೇ. ಆದರೆ ಅವನು ಡಿಪೋಗೆ ಹೊಸಬ, ಬೆಳಗಿನ ಹೊತ್ತು ಗೇಟಿನ ಬಳಿ ನಿಂತವನಲ್ಲ. ಜೂರಾಕಾನಕ್ಕನ ಬಾತಾ ಕೇಳಿರಲಿಲ್ಲ. ಕೇಳಿದ ಯಾವನೂ ಇಂಥ ಕೆಲಸ ಅವಳ ಕೈಗೆ ಕೊಡುತ್ತಿರಲಿಲ್ಲ.

ಅವಳು ಅಂಗೈ ಬಿಚ್ಚಿದಳು. ಮಗಳ ಕಡೆ ನೋಡಲಿಲ್ಲ, ನೋಡಿದರೆ ಮಾತು ಬರುತ್ತಿರಲಿಲ್ಲ.

"ಈ ಮನೆ ಒಲೆ ಆರದೇ ಇರಲಿ. ಈ ದಸ್ತರಖಾನ್ ಯಾವತ್ತೂ ಬರಿದಾಗದೇ ಇರಲಿ. ನಮ್ಮ ಬೀಗಿತ್ತಿ ಮೊಮ್ಮಕ್ಕಳ ಮದುವೆ ನೋಡ್ಲಿ, ಅವರ ಸೊಂಟನೋವು ವಾಸಿಯಾಗ್ಲಿ."

ತುರ್ದುಬೂಬು ಸಂತೋಷದಿಂದ ತಲೆಯಾಡಿಸಿದಳು.

"ನಮ್ಮ ಮೆದರ್‌ಬೆಕ್‌ಗೆ ಒಳ್ಳೇ ಹೆಸರು ಬರ್ಲಿ. ಕೇಳಿದ ಸಾಮಾನು ಮೇಲಿನವರು ಕೊಡ್ಲಿ. ಅವರ ಡಿಪೋದಿಂದ ಹೊರಡೋ ಯಾವ ಬಂಡೀನೂ ಹತ್ತೋರ ಕೈಗೆ ಕರೆಂಟ್ ಹೊಡೀದೇ ಇರಲಿ, ಮುದುಕರು ಮಕ್ಕಳು ಮೆಟ್ಟಿಲಲ್ಲಿ ಬಿದ್ದು ಅವರ ತಲೆಗೆ ಪಾಪ ಸುತ್ಕೊಳ್ದೇ ಇರಲಿ. ಬಂಡಿ ಕೆಟ್ಟಿದೆ ಅಂತ ಬಾಯಿಬಿಟ್ಟು ಹೇಳಿದ ತಾಜಿಗುಲ್ ಕೈಗೇ ಆ ಬಂಡಿ ರಿಪೇರಿಯಾಗಿ ವಾಪಸ್ಸು ಬರ್ಲಿ. ಅವಳ ಮಕ್ಕಳ ಅನ್ನ ಕಿತ್ಕೊಂಡ ಶಾಪ ಈ ಮನೆ ಹೊಸಲು ದಾಟದೇ ಇರಲಿ. ನಮ್ಮೆರಡು ಮನೆ ಮಧ್ಯೆ ತಕರಾರು ಇಲ್ಲಿಗೇ ಮುಗೀಲಿ."

ಮುಗಿಸಿ ನಿಲ್ಲಿಸಿದಳು. ಎಲ್ಲರ ಕೈ ಬಿಚ್ಚಿದ್ದು ಬಿಚ್ಚಿದ ಹಾಗೇ ಇತ್ತು. ಯಾರೂ ಆಮೀನ್ ಅನ್ನಲಿಲ್ಲ. ಚಿಕ್ಕಪ್ಪ ಮೆದರ್‌ಬೆಕ್‌ನ ಮುಖ ನೋಡಿದ, ಮೆದರ್‌ಬೆಕ್ ಬೂರ್ಸೋಕ್ ನೋಡಿದ. ಸಮೋವಾರ್ ಒಂದೇ ಸಮನೆ ಸುಯ್ಯುತ್ತಿತ್ತು. ಯಾರೂ ಆಮೀನ್ ಅನ್ನದ ಬಾತಾವನ್ನು ಜೂರಾಕಾನಕ್ಕ ತನ್ನ ಜೀವಮಾನದಲ್ಲಿ ಕಂಡಿರಲಿಲ್ಲ. ಮುಗೀತು, ಮಗಳ ಮನೆ ಮುರಿದೆ ಅಂದುಕೊಂಡಳು.

"ಆಮೀನ್!"

ಬಾಗಿಲ ಕಡೆಯಿಂದ ಬಂತು. ಪಿಸುಮಾತಲ್ಲ, ಕೋಣೆಯ ಮೂಲೆಮೂಲೆಗೂ ಕೇಳುವ ದನಿ. ಹಿರಿಯರೆದುರು ದನಿ ಎತ್ತಬಾರದ ಹೊಸ ಸೊಸೆ, ತಲೆ ಬಗ್ಗಿಸಿಕೊಂಡೇ, ಎರಡೂ ಅಂಗೈಯಿಂದ ಮುಖ ಸವರಿಕೊಂಡಳು.

ತುರ್ದುಬೂಬು ಸೊಸೆಯ ಕಡೆ ತಿರುಗಿ ಬಹಳ ಹೊತ್ತು ನೋಡಿದಳು. ಆ ಹುಬ್ಬು ಮೇಲಕ್ಕೆ ಹೋಯಿತು, ಕೆಳಕ್ಕೆ ಬಂತು. ಆಮೇಲೆ ನಿಧಾನವಾಗಿ "ಆಮೀನ್" ಅಂದು ಮುಖ ಸವರಿಕೊಂಡಳು. ಮುದುಕರು ಅಂದರು, ಚಿಕ್ಕಪ್ಪ ಅಂದ, ಜಿಪಾರ್‌ನ ಗಂಡ ಅಂದ. ಮೆದರ್‌ಬೆಕ್ ಒಬ್ಬನೇ ಕೈ ಬಿಚ್ಚಿಕೊಂಡು ಕೂತಿದ್ದ.

"ಎಷ್ಟೊತ್ತು ಹಾಗೇ ಭಿಕ್ಷೆ ಬೇಡೋನ ಥರ ಕೂರ್ತೀಯೋ?" ಅಂದಳು ಅವನ ತಾಯಿ ತುರ್ದುಬೂಬು. "ಮುಖ ಸವರ್ಕೋ. ನಾನೂ ಅದೇ ಟ್ರಾಲಿಬಸ್ಸಲ್ಲೇ ಸಂತೆಗೆ ಹೋಗೋದು."

ಯಾರೋ ಕಿಸಕ್ಕನೆ ನಕ್ಕರು. ಮೆದರ್‌ಬೆಕ್ ಆಮೀನ್ ಅಂದ.

ಹೊರಡುವಾಗ ಅವನು ಅಂಗಳದವರೆಗೂ ಬಂದ. "ನನ್ನ ಕೈ ಕಟ್ಟಿಹಾಕಿದ್ರಿ ಬೀಗಿತ್ತಿ."

"ನೀವು ತಾನೇ ಹೇಳು ಅಂದಿದ್ದು."

"ಇನ್ಮೇಲೆ ನಿಮ್ಮನ್ನ ಬಾತಾ ಹೇಳಿ ಅಂತ ಕೇಳಿದ್ರೆ ನನ್ನ ಹೆಸರು ಬೇರೆ ಇಡಿ," ಅಂದವನು ತಾನೇ ನಕ್ಕ. ಸಾಮಾನಿಗಾಗಿ ಪಕ್ಕದ ಪಟ್ಟಣದ ಡಿಪೋಗೆ ಫೋನು ಮಾಡಿ ನೋಡುತ್ತೇನೆ ಅಂದ.

ಜಿಪಾರ್ ಹೊಸಲ ಬಳಿ ಬಗ್ಗಿ ತಾಯಿಯ ಬೂಟುಗಳನ್ನು ಹೊರಮುಖವಾಗಿ ತಿರುಗಿಸಿಡುತ್ತಿದ್ದಳು. ಪಕ್ಕದಲ್ಲಿ ಯಾರೂ ಇರಲಿಲ್ಲ. ಜೂರಾಕಾನಕ್ಕ ಅವಳ ತಲೆಯ ಬಿಳಿ ವಸ್ತ್ರ ಮುಟ್ಟಿದಳು.

"ನಿನಗೆ ಕಷ್ಟ ಕೊಡ್ತಾರೇನೋ ಕಂದಾ. ನನ್ನಿಂದ ಆಯ್ತು."

ಜಿಪಾರ್ ಬೂಟಿನ ಜಿಪ್ಪು ಎಳೆಯುತ್ತಾ, ತಲೆ ಎತ್ತದೆ ಹೇಳಿದಳು: "ನಾನು ನಿನ್ನ ಹೊಟ್ಟೇಲಿದ್ದಾಗ ಕ್ಲಾವಾ ಅಜ್ಜಿಗೆ ಕಷ್ಟ ಆಗ್ಲಿಲ್ವಾ ಅಮ್ಮಾ?"

ಬಾತಾ ಶುರುಮಾಡಿದರೆ ನಿಲ್ಲಿಸದ ಹೆಂಗಸು, ಮಗಳ ಹಣೆಗೆ ಮುತ್ತಿಟ್ಟು ಸುಮ್ಮನೆ ನಡೆದಳು. ನಡುರಸ್ತೆಯಲ್ಲಿ ಅಳುವುದಿಲ್ಲ ಎಂದು ಎಂದೋ ತೀರ್ಮಾನ ಮಾಡಿದವಳು ಅವತ್ತು ಮಖಮಲ್ಲಿನ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಲೇ ಮನೆ ಸೇರಿದಳು.

ಸೋಮವಾರ ಬೆಳಿಗ್ಗೆ ಅವಳು ಸಮಿತಿಯ ‘ಒಪ್ಪಿಗೆ ಇಲ್ಲ’ವನ್ನು ಕಾಗದದಲ್ಲಿ ಬರೆದು ಮೆದರ್‌ಬೆಕ್‌ನ ಮೇಜಿನ ಮೇಲೂ ಇಟ್ಟಳು. ಬಾತಾ ಬಾತಾಕ್ಕೆ, ಸಂಘದ ಮಾತು ಸಂಘಕ್ಕೆ. ಎಲ್ಲ ಡೈರೆಕ್ಟರುಗಳೂ ಬೀಗರಾಗಿರುವುದಿಲ್ಲವಲ್ಲ. ಜೊತೆಗೆ ಸೋಬಿರ್‌ಜಾನ್‌ನನ್ನೂ ಕರೆದೊಯ್ದು, ಇನ್ನು ಮೇಲೆ ಮಳೆ ಹಿಮದ ದಿನ ಪರೀಕ್ಷೆಯಾಗದೆ ಒಂದು ಬಂಡಿಯೂ ಗೇಟು ದಾಟಬಾರದು, ಡ್ರೈವರ್ ಬೇಡ ಅಂದರೆ ಬೇಡ ಎಂದು ಒಪ್ಪಿಸಿ ಬಂದಳು. ಡೈರೆಕ್ಟರ್ ಗೊಣಗಿದ, ಒಪ್ಪಿದ. ವಜಾ ಮಾಡುವ ಕಾಗದ ಒಲೆಗೆ ಹೋಯಿತು. ಹಬ್ಬದ ದಿನದ ಸಂಬಳ ಮಾತ್ರ ತಾಜಿಗುಲ್‌ಗೆ ಸಿಗಲಿಲ್ಲ, ಅದಕ್ಕಿನ್ನೂ ಸಂಘ ಗುದ್ದಾಡುತ್ತಿದೆ.

ಅತ್ತ ತುರ್ದುಬೂಬು ಕೆಲವು ದಿನ ಸೊಸೆ ಮಾಡುವ ಉಪ್ಪು ಹಾಕಿದ ಚಹಾಕ್ಕೆ ಹೆಸರಿಟ್ಟಳಂತೆ, ಹಾಲು ಹೆಚ್ಚಾಯಿತು, ಉಪ್ಪು ಕಡಿಮೆಯಾಯಿತು ಎಂದು. ಆಮೇಲೆ ಒಂದು ದಿನ ನೆರೆಮನೆಯವಳ ಹತ್ತಿರ "ನಮ್ಮ ಸೊಸೆ ಬಾಯಿ ಸತ್ತವಳಲ್ಲ" ಅಂದಳಂತೆ. ಹೊಗಳಿದಳೋ ದೂರಿದಳೋ ನೆರೆಮನೆಯವಳಿಗೆ ತಿಳಿಯಲಿಲ್ಲ. ಜೂರಾಕಾನಕ್ಕನಿಗೆ ತಿಳಿಯಿತು.

ಬಂಡಿ ರಿಪೇರಿಯಾಗಿ ಬಂದ ದಿನವೂ ಮಳೆ ಹಿಡಿದಿತ್ತು. ಗೇಟಿನ ಬಳಿ ಡ್ರೈವರುಗಳೆಲ್ಲ ಸೇರಿ, "ಅಕ್ಕಾ, ಇವತ್ತು ಬಾತಾ ಬೇಡ, ಟ್ರಿಪ್ ತಪ್ಪತ್ತೆ," ಎಂದು ಕೈ ಮುಗಿದರು. "ಹೋಗ್ರೇ," ಅಂದಳು ಅವಳು. ತಾಜಿಗುಲ್ ಸ್ಟೇರಿಂಗ್ ಹಿಂದೆ ಕೂತು ಕನ್ನಡಿ ಸರಿಮಾಡಿಕೊಳ್ಳುತ್ತಿದ್ದಳು. ಜೂರಾಕಾನಕ್ಕ ಕೈಗವಸು ಬಿಚ್ಚಿ ಜೇಬಿಗೆ ತುರುಕಿದಳು, ಒದ್ದೆ ಕಂಬಿಯನ್ನು ಬರಿಗೈಯಲ್ಲಿ ಹಿಡಿದಳು, ಎಲ್ಲರಿಗಿಂತ ಮೊದಲು ಬಂಡಿ ಹತ್ತಿದಳು.